ಟ್ರೇಕಿಯಾಸ್ಟಮಿ ಇರುವ ಮಗು: ಸಕ್ಷನ್ ಎಷ್ಟು ಸಲ, ಎಷ್ಟು ಆಳ?

ಪ್ರಶ್ನೆ: ಸಿಸ್ಟರ್, ನಮ್ಮ ಮಗಳಿಗೆ ಎರಡು ವರ್ಷ. ಟ್ರೇಕಿಯಾಸ್ಟಮಿ (ಉಸಿರಾಡಲು ಕುತ್ತಿಗೆಯಲ್ಲಿ ತೂತು ಮಾಡಿ ಟ್ಯೂಬ್ ಇಡುವುದು) ಆಗಿ ಮನೆಗೆ ಬಂದಿದ್ದೇವೆ. ಕಫ ಕಟ್ಟಿಕೊಂಡೀತು ಅನ್ನೋ ಭಯಕ್ಕೆ ಗಂಟೆಗೊಮ್ಮೆ ಸಕ್ಷನ್ (ಮಷಿನ್‌ನಿಂದ ಕಫ ಹೀರಿ ತೆಗೆಯುವುದು) ಮಾಡುತ್ತಿದ್ದೇನೆ. ನಿನ್ನೆಯಿಂದ ಕಫದಲ್ಲಿ ತೆಳ್ಳಗೆ ರಕ್ತದ ಗೆರೆ ಕಾಣುತ್ತಿದೆ. ಬೆಳಿಗ್ಗೆ ಹೊತ್ತು ಕಫ ಗಟ್ಟಿ, ಅಂಟಂಟು. ಏನು ಮಾಡಲಿ?

ಉತ್ತರ (ನರ್ಸ್): ಅಮ್ಮಾ, ರಕ್ತದ ವಿಷಯ ಇವತ್ತೇ ನಿಮ್ಮ ಡಾಕ್ಟರಿಗೆ ತಿಳಿಸಿ. ಸಣ್ಣ ಗೆರೆ ಸಾಮಾನ್ಯವಾಗಿ ಜಾಸ್ತಿ ಸಲ ಅಥವಾ ಜಾಸ್ತಿ ಆಳಕ್ಕೆ ಸಕ್ಷನ್ ಮಾಡಿದಾಗ, ಇಲ್ಲವೇ ಒಳಗೆ ಒಣಗಿದಾಗ ಬರುತ್ತದೆ. ಕೆಂಪಗೆ ಹಸಿ ರಕ್ತ ಬಂದರೆ ಮಾತ್ರ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಗಡಿಯಾರ ನೋಡಿ ಸಕ್ಷನ್ ಮಾಡುವುದು ಬೇಡ, ಮಗುವನ್ನು ನೋಡಿ ಮಾಡಿ. ಗೊರಗೊರ ಸದ್ದು, ಟ್ಯೂಬಿನ ಬಾಯಲ್ಲಿ ಕಫದ ಗುಳ್ಳೆ, ಉಸಿರು ಜೋರಾಗುವುದು, ಸುಮ್ನೆ ಚಡಪಡಿಸುವುದು, ಇವೇ ಗುರುತು. ಎದ್ದಾಗ, ಊಟಕ್ಕೆ ಮೊದಲು, ಮಲಗಿಸುವ ಮುಂಚೆ ಒಮ್ಮೆ ಕಿವಿಗೊಟ್ಟು ಕೇಳಿ.

ಆಳ ಅಂದಾಜಿನಲ್ಲಿ ಬಿಡಬೇಡಿ. ಅದೇ ಸೈಜಿನ ಹಳೇ ಟ್ಯೂಬ್ ಒಂದಿದ್ದರೆ ಕ್ಯಾತಿಟರನ್ನು (ಕಫ ಹೀರುವ ತೆಳ್ಳನೆಯ ನಳಿಕೆ) ಅದರೊಳಗೆ ತೂರಿಸಿ. ಕ್ಯಾತಿಟರಿನ ತೂತು ಟ್ಯೂಬಿನ ತುದಿಯಿಂದ ಹೊರಗೆ ಇಣುಕಿದ ಕೂಡಲೇ ನಿಲ್ಲಿಸಿ, ಆ ಅಳತೆ ಬರೆದು ಮಷಿನ್ ಮೇಲೆ ಅಂಟಿಸಿ. ಅದಕ್ಕಿಂತ ಒಳಗೆ ಹೋಗಬೇಡಿ. ತುರ್ತಿಗೆ ಇಟ್ಟಿರುವ ಹೊಸ ಟ್ಯೂಬನ್ನು ಇದಕ್ಕೆ ಬಳಸಬೇಡಿ. ಒಂದು ಸಲಕ್ಕೆ 5ರಿಂದ 10 ಸೆಕೆಂಡ್ ಸಾಕು, ನಡುವೆ ಮಗುವಿಗೆ ಉಸಿರಾಡಲು ಬಿಡಿ. ಪ್ರೆಷರ್ ಆಸ್ಪತ್ರೆಯಲ್ಲಿ ಹೇಳಿದಷ್ಟೇ ಇರಲಿ.

ಕಫ ಗಟ್ಟಿಯಾಗುವುದಕ್ಕೆ ಮುಖ್ಯ ಕಾರಣ ಒಣ ಗಾಳಿ. ಮೂಗು ಗಾಳಿಯನ್ನು ಬೆಚ್ಚಗೆ, ತೇವ ಮಾಡಿ ಕಳಿಸುತ್ತಿತ್ತು, ಈಗ ಅದು ನೇರ ಟ್ಯೂಬಿಗೇ ಹೋಗುತ್ತದೆ ಅಲ್ವಾ? ಹಗಲು ಎಚ್‌ಎಂಇ ಫಿಲ್ಟರ್ (ಟ್ಯೂಬಿನ ಬಾಯಿಗೆ ಹಾಕುವ, ಉಸಿರಿನ ಬಿಸಿ, ತೇವ ಹಿಡಿದಿಡುವ ಫಿಲ್ಟರ್), ರಾತ್ರಿ ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್ ಬಗ್ಗೆ ಡಾಕ್ಟರನ್ನು ಕೇಳಿ. ಫಿಲ್ಟರಿಗೆ ಕಫ ಮೆತ್ತಿಕೊಂಡರೆ ತಕ್ಷಣ ಬದಲಿಸಿ, ಅದೇ ಉಸಿರಿಗೆ ಅಡ್ಡವಾಗುತ್ತದೆ. ಪ್ರತಿ ಸಲ ಸಕ್ಷನ್ ಮಾಡುವಾಗ ಟ್ಯೂಬಿಗೆ ಸಲೈನ್ ಹನಿಸುವ ಅಭ್ಯಾಸ ಬೇಡ.

ಪ್ರಶ್ನೆ: ರಾತ್ರಿ ಟ್ಯೂಬ್ ಬ್ಲಾಕ್ ಆದರೆ ಸಿಸ್ಟರ್? ಅವಳು ಅತ್ತರೂ ಸದ್ದೇ ಬರುವುದಿಲ್ಲ.

ಉತ್ತರ: ಅದಕ್ಕೇ ರಾತ್ರಿ ಡಾಕ್ಟರ್ ಹೇಳಿದ ಮಾನಿಟರ್ ಹಾಕಿರಬೇಕು, ತರಬೇತಿ ಆದವರೊಬ್ಬರು ಹತ್ತಿರದಲ್ಲೇ ಇರಬೇಕು. ಉಸಿರಾಟಕ್ಕೆ ಕಷ್ಟಪಡುತ್ತಿದ್ದು, ಕ್ಯಾತಿಟರ್ ಒಳಗೆ ಹೋಗದಿದ್ದರೆ ಟ್ಯೂಬ್ ಕಟ್ಟಿದೆ ಅಂತಲೇ ತಿಳಿಯಿರಿ. ಮತ್ತೆ ಮತ್ತೆ ತುರುಕುತ್ತಾ ಹೊತ್ತು ಕಳೆಯಬೇಡಿ. ಟ್ಯೂಬ್ ತೆಗೆದು ಹೊಸದು ಹಾಕಿ. ಅದು ಹೋಗದಿದ್ದರೆ ಒಂದು ಸೈಜ್ ಚಿಕ್ಕದು. ಅದೂ ಆಗದಿದ್ದರೆ ನಿಮಗೆ ಕಲಿಸಿದ ಹಾಗೆ ಉಸಿರು ಕೊಡುತ್ತಾ ಇರಿ. ಇನ್ನೊಬ್ಬರು ಅಷ್ಟರಲ್ಲೇ ಆಂಬುಲೆನ್ಸ್ ಕರೆಯಲಿ.

ಈ ಎರಡೂ ಟ್ಯೂಬ್, ಟ್ಯೂಬನ್ನು ಕುತ್ತಿಗೆಗೆ ಕಟ್ಟುವ ಪಟ್ಟಿ, ಕತ್ತರಿ, ಕ್ಯಾತಿಟರ್, ಬ್ಯಾಟರಿಯಲ್ಲಿ ನಡೆಯುವ ಸಕ್ಷನ್, ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಎಲ್ಲಾ ಒಂದೇ ಚೀಲದಲ್ಲಿರಲಿ. ಮಗು ಪಕ್ಕದ ಕೋಣೆಗೆ ಹೋದರೂ ಚೀಲ ಜೊತೆಗೆ ಹೋಗಬೇಕು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಇನ್ನೊಬ್ಬ ತಂದೆಯ ಪ್ರಶ್ನೆ: ಸ್ನಾನ ಹೇಗೆ? ಕುತ್ತಿಗೆ ಪಟ್ಟಿ ಎಷ್ಟು ಬಿಗಿ ಇರಬೇಕು?

ಉತ್ತರ: ಟಬ್ಬಿನಲ್ಲಿ ಸ್ವಲ್ಪವೇ ನೀರು, ತಲೆ ಹಿಂದಕ್ಕೆ ಬಾಗಿಸಿ ತೊಳೆಯಿರಿ. ನೀರು ಟ್ಯೂಬಿಗೆ ಹೋಗಬಾರದು. ಪೌಡರ್, ಸ್ಪ್ರೇ ಹತ್ತಿರಕ್ಕೂ ಬೇಡ. ಪಟ್ಟಿ ಕೆಳಗೆ ಒಂದು ಬೆರಳು ಹಿಡಿಯುವಷ್ಟು ಸಡಿಲ ಇರಲಿ, ಮಗುವನ್ನು ಕೂರಿಸಿ ನೋಡಿ. ಪಟ್ಟಿ ಬದಲಿಸುವಾಗ ಇಬ್ಬರಿರಿ: ಒಬ್ಬರು ಟ್ಯೂಬ್ ಹಿಡಿದುಕೊಂಡೇ ಇರಬೇಕು, ಕಟ್ಟಿ ಮುಗಿಯುವ ತನಕ ಕೈ ಬಿಡಬಾರದು.