ಕೋಚ್ ಇಲ್ಲದ ಚಿನ್ನ: ನಮ್ಮ ಮನೆ ಗುಂಪಿನ ಒಂದು ಜಗಳ

ಅರ್ಧ ವಿಜಯಪುರದಲ್ಲಿ, ಅರ್ಧ ಬೆಂಗಳೂರು, ಪುಣೆಯಲ್ಲಿ ಇರುವ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿದು. ಶುಭೋದಯದ ಗುಲಾಬಿ, ಸೀಮಂತದ ಫೋಟೋ ಎಲ್ಲ ತೆಗೆದು ಜಗಳವನ್ನಷ್ಟೇ ಇಲ್ಲಿ ಹಾಕಿದ್ದೇನೆ. ಎಲ್ಲರೂ ಒಪ್ಪಿದ್ದಾರೆ. ಗಿರೀಶ ಮಾಮಾ ಮಾತ್ರ ‘ನನ್ನ ಮಾತು ಕತ್ತರಿಸಬಾರದು’ ಅಂತ ಷರತ್ತು ಹಾಕಿದ್ದಾರೆ.

ಶಂಕರ ದೊಡ್ಡಪ್ಪ (ಫಾರ್ವರ್ಡ್): ಆಕೆ ಗಣಿತದ ಮೇಡಂ. ಕೋಚ್ ಇಲ್ಲ. ತಂಡ ಇಲ್ಲ. ತರಬೇತಿ ಇಲ್ಲ. ಸುಮ್ಮನೆ ಸೈಕಲ್ ತೆಗೆದುಕೊಂಡು ಟೋಕಿಯೋ ಒಲಿಂಪಿಕ್ಸ್‌ಗೆ ಹೋದಳು. ವಿಶ್ವ ಚಾಂಪಿಯನ್‌ಗಳನ್ನೆಲ್ಲ ಹಿಂದೆ ಹಾಕಿ ಚಿನ್ನ ತಂದಳು! ಮನಸ್ಸು ಮಾಡಿದರೆ ಯಾರ ಸಹಾಯವೂ ಬೇಡ. ನಿಮ್ಮ ಮಕ್ಕಳಿಗೆ ತಪ್ಪದೆ ತೋರಿಸಿ.

ಶಂಕರ ದೊಡ್ಡಪ್ಪ: ರೋಹಿತ್, ಓದು. ಗಣಿತ ಕಲಿತವರು ಎಲ್ಲಿ ಹೋದರೂ ಗೆಲ್ಲುತ್ತಾರೆ.

ರೋಹಿತ್: ಓದಿದೆ ದೊಡ್ಡಪ್ಪ. ತರಬೇತಿ ಬೇಡ ಅಂತ ಬರೆದಿದೆ. ಇವತ್ತಿಂದ ನಾನು ಟ್ಯೂಷನ್ ಬಿಡ್ತೀನಿ.

ವಿಜಯಾ ಕಾಕು: ಭಾವ, ಇಂಥವನ್ನೆಲ್ಲ ಹಾಕುವ ಮುಂಚೆ ನನ್ನನ್ನು ಒಂದು ಮಾತು ಕೇಳಬಾರದಾ?

ನಾನು: ದೊಡ್ಡಪ್ಪ, ಇದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಆಕೆ ಅನ್ನಾ ಕೀಸೆನ್‌ಹೋಫರ್, ಆಸ್ಟ್ರಿಯಾದವರು. ಗಣಿತದಲ್ಲಿ ಪಿಎಚ್‌ಡಿ, ಅದು ಖರೆ. ಆಗ ಕೋಚ್ ಇರಲಿಲ್ಲ, ಯಾವ ವೃತ್ತಿಪರ ತಂಡದ ಜೊತೆಗೂ ಕರಾರು ಇರಲಿಲ್ಲ, ಅದೂ ಖರೆ. ‘ತರಬೇತಿ ಇಲ್ಲ’ ಅನ್ನೋದು ಮಾತ್ರ ಶುದ್ಧ ಸುಳ್ಳು. 2016ರಲ್ಲೇ ಫ್ರಾನ್ಸ್‌ನ ಆರ್ದೆಶ್ ಅನ್ನೋ ಹಲವು ದಿನಗಳ ರೇಸ್‌ನಲ್ಲಿ ಒಂದು ದಿನದ ಹಂತ ಗೆದ್ದಿದ್ದರು. 2017ರಲ್ಲಿ ಬೆಲ್ಜಿಯಂನ ವೃತ್ತಿಪರ ತಂಡದಲ್ಲಿ ಸ್ವಲ್ಪ ಕಾಲ ಇದ್ದು ಬಿಟ್ಟರು. ಟೋಕಿಯೋಗೆ ಬರುವಾಗ ಆಸ್ಟ್ರಿಯಾದ ಟೈಮ್ ಟ್ರಯಲ್ ಚಾಂಪಿಯನ್. ಟೈಮ್ ಟ್ರಯಲ್ ಅಂದ್ರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸೋದು.

ಗಿರೀಶ ಮಾಮಾ: ಏನೇ ಹೇಳು, ಅದು ಅದೃಷ್ಟದ ಚಿನ್ನ. ಡಚ್ ಹುಡುಗಿಯರು, ಅದೇ ನೆದರ್ಲೆಂಡ್ಸ್‌ನವರು, ಎಣಿಸೋದು ಮರೆತರು. ಮುಂದೆ ಒಬ್ಬಳಿದ್ದಾಳೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ಎರಡನೆಯವಳು ತಾನೇ ಗೆದ್ದೆ ಅಂತ ಕೈ ಎತ್ತಿಕೊಂಡು ಬಂದಳು, ವಿಡಿಯೋ ನೋಡಿದ್ದೇನೆ. ಎದುರಾಳಿ ಮರೆತಿದ್ದಕ್ಕೆ ಸಿಕ್ಕಿದ್ದನ್ನು ಸಾಧನೆ ಅಂತೀರಾ?

ಶಂಕರ ದೊಡ್ಡಪ್ಪ: ಗಿರೀಶ, ಚಿನ್ನ ಚಿನ್ನವೇ.

ಗಿರೀಶ ಮಾಮಾ: ಶಂಕರಣ್ಣ, ಪರೀಕ್ಷೆಯಲ್ಲಿ ಉಳಿದವರು ಕೊನೆ ಪುಟ ತಿರುಗಿಸಲಿಲ್ಲ ಅಂತ ಒಬ್ಬ ಮೊದಲ ರ್‍ಯಾಂಕ್ ಬಂದರೆ ನೀವು ಸನ್ಮಾನ ಮಾಡ್ತಿದ್ದಿರಾ?

(ದೊಡ್ಡಪ್ಪ ಇದಕ್ಕೆ ಉತ್ತರ ಕೊಡಲಿಲ್ಲ. ನಿವೃತ್ತ ಗಣಿತ ಮಾಸ್ತರರನ್ನು ಪರೀಕ್ಷೆಯ ಮಾತಲ್ಲಿ ಕಟ್ಟಿಹಾಕೋದು ಸುಲಭವಲ್ಲ, ಆದರೆ ಆ ದಿನ ಮಾಮಾ ಕಟ್ಟಿಹಾಕಿದರು.)

ನಾನು: ಮಾಮಾ, ಕೊನೆಯ ಎರಡು ನಿಮಿಷದ ವಿಡಿಯೋ ನೋಡಿ ತೀರ್ಪು ಕೊಡಬೇಡಿ. ಇದು ಟೈಮ್ ಟ್ರಯಲ್ ಅಲ್ಲ, ಎಲ್ಲರೂ ಒಟ್ಟಿಗೆ ಹೊರಡುವ ರಸ್ತೆ ರೇಸ್, 137 ಕಿಲೋಮೀಟರ್. 2021ರ ಜುಲೈ 25, ಜಪಾನಿನ ಬೇಸಿಗೆಯ ಸೆಕೆ. ಬಾವುಟ ಬಿದ್ದ ಕೂಡಲೇ, ಮೊದಲ ಕಿಲೋಮೀಟರಿನಲ್ಲೇ, ಆಕೆ ಮುಂದೆ ನುಗ್ಗಿದರು. ಜೊತೆಗೆ ದಕ್ಷಿಣ ಆಫ್ರಿಕಾ, ನಮೀಬಿಯಾ, ಪೋಲೆಂಡ್, ಇಸ್ರೇಲ್‌ನ ಒಬ್ಬೊಬ್ಬರು. ದೊಡ್ಡ ತಂಡದವರು ‘ಹೋಗಲಿ ಬಿಡು, ಆಮೇಲೆ ಹಿಡಿಯೋಣ’ ಅಂತ ಬಿಟ್ಟರು. ಅಂತರ 10 ನಿಮಿಷ ದಾಟಿತು.

ರೋಹಿತ್: ಅಕ್ಕಾ, ಹತ್ತು ನಿಮಿಷ ಬಿಡೋದು ಪೆದ್ದತನ ಅಲ್ವಾ?

ನಾನು: ಸಾಮಾನ್ಯವಾಗಿ ಅಲ್ಲ. ಐದು ಜನ ಗಾಳಿಗೆ ಎದೆ ಕೊಟ್ಟು ದಣಿಯುತ್ತಾರೆ, ಹಿಂದಿನ ದೊಡ್ಡ ಗುಂಪು ಒಬ್ಬರ ಮರೆಯಲ್ಲಿ ಒಬ್ಬರು ಆರಾಮಾಗಿ ಬರುತ್ತೆ. ಕೊನೆಗೆ ಗುಂಪು ವೇಗ ಏರಿಸಿ ಹಿಡಿದು ಬಿಡುತ್ತೆ. ನೂರರಲ್ಲಿ ಬಹುಪಾಲು ಸಲ ಹೀಗೇ ಆಗೋದು.

ಅಜ್ಜ (ಧ್ವನಿ ಸಂದೇಶ, ರೋಹಿತ್ ಬರೆದು ಹಾಕಿದ್ದು): ಗಾಳಿ ಮರೆ ಅಂದ್ರೆ ಸುಮ್ನೆ ಅಲ್ಲ. ಜಾತ್ರೆ ರೇಸಿನಾಗ ನಾವೂ ಅದನ್ನೇ ಮಾಡ್ತಿದ್ದೆವು. ಮುಂದಿನವನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಹೋಗೋದು. ಅವನು ಏದುಸಿರು ಬಿಡ್ತಾನ, ನಾವು ಮಾತಾಡ್ತಾ ಹೋಗ್ತೀವಿ. ಆದರ ಎಲ್ಲಾರೂ ಹಿಂದೆ ಅಡಗಿದರ ಮುಂದೆ ತುಳಿಯೋರು ಯಾರು?

ನಾನು: ಅಜ್ಜ, ನೀವು ಕೇಳಿದ್ದೇ ಇಡೀ ರೇಸಿನ ಕೀಲಿ. ಆ ದಿನ ಹಿಂದಿನ ಗುಂಪಿನಲ್ಲಿ ಮುಂದೆ ತುಳಿಯೋರು ಯಾರೂ ಇರಲಿಲ್ಲ. ನೆದರ್ಲೆಂಡ್ಸ್‌ನಿಂದ ನಾಲ್ಕು ಜನ: ಅನ್ನೆಮೀಕ್ ವಾನ್ ವ್ಲೂಟೆನ್, ಅನ್ನಾ ವಾನ್ ಡೆರ್ ಬ್ರೆಗೆನ್, ಮರಿಯಾನೆ ವೋಸ್, ಡೆಮಿ ವೋಲರಿಂಗ್. ವೋಸ್ 2012ರ ಲಂಡನ್ ಚಿನ್ನ. ಬ್ರೆಗೆನ್ 2016ರ ರಿಯೋ ಚಿನ್ನ. ನಾಲ್ವರಲ್ಲಿ ಯಾರು ಗೆದ್ದರೂ ಯಾರಿಗೂ ಆಶ್ಚರ್ಯ ಆಗ್ತಿರಲಿಲ್ಲ. ನಾಲ್ಕು ಯಜಮಾನರಿದ್ದ ಮನೆ. ಬಾವಿಯಿಂದ ನೀರು ಸೇದೋರು ಯಾರು? ಉಳಿದ ದೇಶದವರು ‘ಡಚ್ಚರೇ ಬಲಿಷ್ಠರು, ಅವರೇ ಬೆನ್ನಟ್ಟಲಿ’ ಅಂತ ಕೂತರು. ಅಷ್ಟೊಂದು ಬಲ ಒಂದೇ ತಂಡದಲ್ಲಿದ್ದದ್ದೇ ತೊಡಕಾಯಿತು ಅಂತ ನನ್ನ ಲೆಕ್ಕ.

ನಾನು: ಇನ್ನೊಂದು ವಿಷಯ. ವೃತ್ತಿಪರ ರೇಸುಗಳಲ್ಲಿ ಕಿವಿಯಲ್ಲಿ ರೇಡಿಯೋ ಇರುತ್ತೆ. ಹಿಂದಿನ ಕಾರಿನಿಂದ ಮ್ಯಾನೇಜರ್ ‘ಮುಂದೆ ಮೂವರು, ಇಷ್ಟು ನಿಮಿಷ’ ಅಂತ ಹೇಳ್ತಾ ಇರ್ತಾರೆ. ಒಲಿಂಪಿಕ್ಸ್‌ನಲ್ಲಿ ರೇಡಿಯೋ ಇಲ್ಲ. ಮೋಟಾರ್‌ಬೈಕಿನಲ್ಲಿ ಬರುವ ಬೋರ್ಡ್ ನೋಡಬೇಕು, ಇಲ್ಲಾ ಕಾರಿನ ಹತ್ತಿರ ಹಿಂದೆ ಹೋಗಿ ಕೇಳಿಕೊಂಡು ಬರಬೇಕು. ಮುಗಿಯಲು 41 ಕಿಲೋಮೀಟರ್ ಇದ್ದಾಗ ಕಾಗೋಸಾಕಾ ಘಾಟಿಯಲ್ಲಿ ಅನ್ನಾ ತನ್ನ ಜೊತೆ ಇನ್ನೂ ಉಳಿದಿದ್ದ ಇಬ್ಬರನ್ನೂ ಬಿಟ್ಟು ಒಬ್ಬರೇ ಹೋದರು. ಹಿಂದಿನ ಗುಂಪಿನವರು ಕೊನೆಗೆ ಹಿಡಿದದ್ದು ಆ ಇಬ್ಬರನ್ನು. ಅಲ್ಲಿಗೆ ಮುಂದೆ ಯಾರೂ ಇಲ್ಲ ಅಂದುಕೊಂಡರು.

ಗಿರೀಶ ಮಾಮಾ: ನಾನು ಹೇಳಿದ್ದೂ ಅದನ್ನೇ. ನೀನು ಅದಕ್ಕೆ ಒಂದು ಪುರಾಣ ಬರೆದೆ ಅಷ್ಟೇ.

ವಿಜಯಾ ಕಾಕು: ಮಾಮಾ ಹೇಳಿದ್ದರಲ್ಲೂ ಅರ್ಥ ಇದೆ ಸಹನಾ.

ನಾನು: ಅರ್ಥ ಇದೆ ಕಾಕು. ಡಚ್ಚರು ಎಡವಿದ್ದು ಖರೆ. ಆದರೆ ರೇಡಿಯೋ ಇಲ್ಲ ಅನ್ನೋದು ಗುಟ್ಟಾಗಿತ್ತಾ? ಎಲ್ಲರಿಗೂ ಗೊತ್ತಿದ್ದ ನಿಯಮ. ದೊಡ್ಡ ದೇಶಕ್ಕೂ ಗರಿಷ್ಠ ನಾಲ್ವರು ಅನ್ನೋದೂ ಗೊತ್ತಿತ್ತು. ಆಸ್ಟ್ರಿಯಾದಿಂದ ಆಕೆ ಒಬ್ಬರೇ. ಗುಂಪಿನಲ್ಲಿ ಉಳಿದರೆ ಕೊನೆಯ ಓಟದಲ್ಲಿ ವೋಸ್ ಎದುರು ನಿಲ್ಲಲು ಆಗಲ್ಲ. ಮರೆಯಲ್ಲಿ ಕರೆದೊಯ್ಯೋಕೆ ತಂಡದವರಿಲ್ಲ. ಆದರೆ ಒಬ್ಬರೇ ಗಂಟೆಗಟ್ಟಲೆ ತುಳಿಯಬಲ್ಲರು, ಅದೇ ಆಕೆಯ ಕಸುಬು. ಹಾಗಿದ್ದಾಗ ಮೊದಲ ಕಿಲೋಮೀಟರಿನಿಂದಲೇ ಹೋಗಬೇಕು. ನಿಮ್ಮ ಕೊನೆ ಪುಟದ ಮಾತೇ ತಗೊಳ್ಳಿ ಮಾಮಾ. ಉಳಿದವರು ಪುಟ ತಿರುಗಿಸಲಿಲ್ಲ ನಿಜ, ಆ ಪುಟದ ಲೆಕ್ಕ ಬಿಡಿಸಿದ್ದು ಯಾರು? ಅವರು ಮರೆತ ಮಾತ್ರಕ್ಕೆ 41 ಕಿಲೋಮೀಟರ್ ತಾನೇ ತುಳಿದುಕೊಂಡು ಹೋಗಲ್ಲ.

ಶಂಕರ ದೊಡ್ಡಪ್ಪ: ಶಭಾಷ್! ಗಣಿತ!

ನಾನು: ದೊಡ್ಡಪ್ಪ, ಪಿಎಚ್‌ಡಿ ಸೈಕಲ್ ತುಳಿಯಲ್ಲ. ಕಾಲು ತುಳಿಯಬೇಕು. ಗಣಿತದಲ್ಲಿ ಪಿಎಚ್‌ಡಿ ಮಾಡಿದವರು ಎಷ್ಟು ಜನ ಇದ್ದಾರೆ, ಎಲ್ಲರಿಗೂ ಚಿನ್ನ ಬಂತಾ?

ರೋಹಿತ್: ಹಾಗಾದ್ರೆ ಕೋಚ್ ಇಲ್ಲದೆ ಹೇಗೆ?

ನಾನು: ಕೋಚ್ ಮಾಡುವ ಕೆಲಸವನ್ನೆಲ್ಲ ತಾನೇ ಮಾಡಿಕೊಂಡರು ಕಣೋ. ಎಷ್ಟು ತುಳಿಯಬೇಕು, ಏನು ತಿನ್ನಬೇಕು, ಯಾವ ಸಾಮಾನು ಬಳಸಬೇಕು, ಸೆಕೆಗೆ ಮೈಯನ್ನು ಹೇಗೆ ಒಗ್ಗಿಸಬೇಕು, ಎಲ್ಲ ಓದಿ ಅಳೆದು ತಾನೇ ತೀರ್ಮಾನ ಮಾಡಿದರು. ಕೆಲಸ ಕಡಿಮೆ ಆಗಲಿಲ್ಲ, ಜಾಸ್ತಿ ಆಯಿತು.

ವಿಜಯಾ ಕಾಕು: ಕೇಳಿದೆಯಾ ರೋಹಿತ್? ಟ್ಯೂಷನ್ ಬಿಡು. ನಾಳೆಯಿಂದ ಪಾಠ, ಟೈಮ್ ಟೇಬಲ್, ಟೆಸ್ಟ್, ಪೇಪರ್ ತಿದ್ದೋದು, ಎಲ್ಲ ನೀನೇ. ರಾತ್ರಿ ನನಗೆ ತೋರಿಸು.

ರೋಹಿತ್: ಅಮ್ಮಾ, ಟ್ಯೂಷನ್ನೇ ವಾಸಿ.

ಗಿರೀಶ ಮಾಮಾ: ಅದೆಲ್ಲ ಇರಲಿ. ನನಗೆ ಸಂಕಟ ಆಗೋದು ಆ ಬೆಳ್ಳಿಯವಳಿಗೆ. ಕೈ ಎತ್ತಿ ಬಂದವಳಿಗೆ ಜನ ನಕ್ಕರು.

ನಾನು: ನನಗೂ ಮಾಮಾ. ಆ ಬೆಳ್ಳಿಯವರೇ ವಾನ್ ವ್ಲೂಟೆನ್. 2016ರ ರಿಯೋದಲ್ಲಿ ಮುಂದೆ ಇದ್ದರು, ಇಳಿಜಾರಿನಲ್ಲಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು. ಐದು ವರ್ಷ ಕಾದು ಟೋಕಿಯೋಗೆ ಬಂದರೆ ಹೀಗೆ. ಇವರು ಕೈ ಎತ್ತಿ ಗೆರೆ ದಾಟುವಾಗ ಅನ್ನಾ ಬಂದು 1 ನಿಮಿಷ 15 ಸೆಕೆಂಡ್ ಆಗಿತ್ತು. ಆದರೆ ಮೂರು ದಿನ ಬಿಟ್ಟು ಟೈಮ್ ಟ್ರಯಲ್‌ನಲ್ಲಿ ಅದೇ ವಾನ್ ವ್ಲೂಟೆನ್ ಚಿನ್ನ ಗೆದ್ದರು. ಇದನ್ನು ಯಾರೂ ಫಾರ್ವರ್ಡ್ ಮಾಡಲ್ಲ ನೋಡಿ.

ಗಿರೀಶ ಮಾಮಾ: ನೋಡಿದೆಯಾ! ಅಂದ್ರೆ ಒಳ್ಳೆಯ ಸೈಕಲ್ ಪಟು ಆಕೆಯೇ.

ನಾನು: ಒಪ್ಪಿದೆ. ವರ್ಷವಿಡೀ ನೋಡಿದರೆ ಆಕೆಯೇ. ಆ ಭಾನುವಾರ ಚೆನ್ನಾಗಿ ರೇಸ್ ಮಾಡಿದ್ದು ಅನ್ನಾ. ಎರಡೂ ಒಂದೇ ಅಲ್ಲ.

ಗಿರೀಶ ಮಾಮಾ: ನನಗೆ ಎರಡೂ ಒಂದೇ. ನಾನು ಒಪ್ಪಲ್ಲ.

ಶಂಕರ ದೊಡ್ಡಪ್ಪ: ‘ತರಬೇತಿ ಇಲ್ಲ’ ಅನ್ನುವ ಸಾಲು ತೆಗೆದು ನಮ್ಮ ನಿವೃತ್ತ ಶಿಕ್ಷಕರ ಗುಂಪಿಗೆ ಹಾಕಿದ್ದೇನೆ. ‘ಗಣಿತ’ ಉಳಿಸಿಕೊಂಡಿದ್ದೇನೆ.

(ಸಾಲು ತೆಗೆದರಷ್ಟೇ. ‘ಯಾರ ಸಹಾಯವೂ ಬೇಡ’ ಹಾಗೇ ಇದೆ. ಬಿಟ್ಟುಬಿಟ್ಟೆ.)

ಅಜ್ಜ (ಧ್ವನಿ ಸಂದೇಶ): ಆಸ್ಟ್ರಿಯಾದವರು ಇದಕ್ಕೂ ಮುಂಚೆ ಸೈಕಲ್ಲಿನಾಗ ಗೆದ್ದಿದ್ದರಾ? ನಮ್ಮ ವಿಜಯಪುರ, ಬಾಗಲಕೋಟೆ ಹುಡುಗರು ಇಷ್ಟು ಮೆಡಲ್ ತರ್ತಾರ. ಒಲಿಂಪಿಕ್ಸಿಗೆ ಮಾತ್ರ ನಮ್ಮ ದೇಶದವರು ಕಾಣೋದಿಲ್ಲ.

ನಾನು: ಕಾಣಲ್ಲ ಅಜ್ಜ. 1964ರಲ್ಲಿ ಟೋಕಿಯೋಗೇ ನಮ್ಮವರು ಹೋಗಿದ್ದರು, ಆಮೇಲೆ ಇಲ್ಲ. ಆಸ್ಟ್ರಿಯಾಕ್ಕೆ ಇದಕ್ಕೂ ಹಿಂದಿನ ಸೈಕಲ್ ಚಿನ್ನ 1896ರಲ್ಲಿ, ಅಥೆನ್ಸ್‌ನ ಮೊದಲ ಒಲಿಂಪಿಕ್ಸ್‌ನಲ್ಲಿ. ಅಡಾಲ್ಫ್ ಶ್ಮಾಲ್. 12 ಗಂಟೆಯ ರೇಸ್.

ಅಜ್ಜ: ಹನ್ನೆರಡು ತಾಸು? ಎಲ್ಲಿಂದ ಎಲ್ಲಿಗೆ?

ನಾನು: ಎಲ್ಲಿಗೂ ಇಲ್ಲ. ಟ್ರ್ಯಾಕಿನಲ್ಲೇ ಸುತ್ತು. ಬಹುತೇಕರು ಅರ್ಧದಲ್ಲೇ ಬಿಟ್ಟರು, ಕೊನೆವರೆಗೆ ಉಳಿದವರು ಇಬ್ಬರೇ. ಎರಡನೆಯವನು ಫ್ರೆಡರಿಕ್ ಕೀಪಿಂಗ್, ಅಲ್ಲಿನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಕೆಲಸಕ್ಕಿದ್ದವನು. ಇಬ್ಬರೂ 314 ಕಿಲೋಮೀಟರ್ ದಾಟಿದರು. ಶ್ಮಾಲ್ ಒಂದೇ ಒಂದು ಸುತ್ತು ಮುಂದೆ.

ಗಿರೀಶ ಮಾಮಾ: ಇಲ್ಲೂ ಎರಡನೆಯವನು ಎಣಿಸೋದು ಮರೆತ ಅಂತ ಮಾತ್ರ ಹೇಳಬೇಡ.