ಸರ್ಫೇಸ್ ಟೆಕ್ಸ್ಚರಿಂಗ್: ಕಕ್ಕು ಅನ್ನೋಣ್ವಾ, ಗುಳಿ ಅನ್ನೋಣ್ವಾ?

ಎಲ್ಲರಿಗೂ ನಮಸ್ಕಾರ. ಇಂಜಿನ್ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರ್ತಾ ಇದೀನಿ, ಸರ್ಫೇಸ್ ಟೆಕ್ಸ್ಚರಿಂಗ್ (ಲೋಹದ ಮೈ ಮೇಲೆ ಬೇಕಂತಲೇ ಸಣ್ಣ ಗೆರೆ, ಗುಳಿ ಮಾಡೋದು) ಅನ್ನೋ ಪದದ ಹತ್ರ ಮೂರು ದಿನದಿಂದ ಗಾಡಿ ಕೆಟ್ಟು ನಿಂತಿದೆ. ಮೊದ್ಲು ‘ಮೇಲ್ಮೈ ವಿನ್ಯಾಸ’ ಅಂತ ಬರ್ದಿದ್ದೆ, ಓದಿದ ತಂಗಿ ಇದೇನು ಸೀರೆ ವಿಷ್ಯಾನಾ ಅಂದ್ಲು.

ವಿಷ್ಯ ಏನಪ್ಪಾ ಅಂದ್ರೆ, ಸಿಲಿಂಡರ್ ಒಳಗೋಡೆ ಕನ್ನಡಿ ಥರ ನುಣ್ಣಗಿದ್ರೆ ಪಿಸ್ಟನ್ ಸಲೀಸಾಗಿ ಓಡುತ್ತೆ ಅಂದ್ಕೋತೀವಿ, ಆದ್ರೆ ಅಷ್ಟು ನುಣುಪಾದ್ರೆ ಎಣ್ಣೆ ನಿಲ್ಲೋಕೆ ಜಾಗಾನೇ ಇರಲ್ಲ, ಪಿಸ್ಟನ್ ಸುತ್ತ ಇರೋ ರಿಂಗೂ ಗೋಡೇನೂ ನೇರ ಉಜ್ಜಿ ಗೀರು ಬೀಳುತ್ತೆ. ಅದಕ್ಕೇ ಸಿಲಿಂಡರ್ ಒಳಗೆ ಕೊರೆದು ಬೋರ್ ಮಾಡಿಸಿದ್ಮೇಲೆ ಹೋನಿಂಗ್ ಮಾಡೋದು, ಅಂದ್ರೆ ಸಾಣೆಕಲ್ಲಿಂದ ಉಜ್ಜಿ ಸಣ್ಣ ಗೆರೆ ಎಳೆಯೋದು. ನಮ್ಮೂರ ಲೇತ್ ಅಂಗಡೀಲಿ ಒಂದು ಬೈಕ್ ಬ್ಲಾಕ್‌ನ ಬೆಳಕಿಗೆ ಹಿಡಿದು ತೋರಿಸಿದ್ರು, ಒಳಗೆಲ್ಲಾ ಸಣ್ಣ ಸಣ್ಣ ಓರೆಗೆರೆ, ಒಂದನ್ನೊಂದು ಹಾದು ಚಾಪೆ ಹೆಣೆದ ಹಾಗೆ. “ಈ ಗೆರೇಲೇ ಸಾರ್ ಎಣ್ಣೆ ನಿಲ್ಲೋದು, ಇದು ಸವೀತು ಅಂದ್ರೆ ಗಾಡಿ ಆಯಿಲ್ ಕುಡಿಯೋಕೆ ಶುರು” ಅಂದ್ರು.

1990ರ ದಶಕದಲ್ಲಿ ಇಸ್ರೇಲಿನ ಟೆಕ್ನಿಯಾನ್ ವಿಶ್ವವಿದ್ಯಾಲಯದಲ್ಲಿ ಇಝಾಕ್ ಎಟ್ಸಿಯಾನ್ ಅನ್ನೋರು ಗೆರೆ ಬದಲು ಲೇಸರ್‌ನಿಂದ ಚಿಕ್ಕ ಚಿಕ್ಕ ಗುಳಿ ಹೊಡೆಯೋ ಕೆಲಸ ಶುರು ಮಾಡಿದ್ರು, ಆಮೇಲೆ ಅದು ಪಿಸ್ಟನ್ ರಿಂಗಿಗೂ ಬಂತು. ಒಂದೊಂದು ಗುಳಿ ಸುಮಾರು 100 ಮೈಕ್ರಾನ್ ಅಗಲ, ಅಂದ್ರೆ ಕೂದಲೆಳೆಗಿಂತ ಸ್ವಲ್ಪ ದಪ್ಪ ಅಷ್ಟೆ, ಆಳ 10ರ ಆಸುಪಾಸು. ರಿಂಗ್ ಜಾರುವಾಗ ಗುಳಿಯ ಅಂಚಲ್ಲಿ ಎಣ್ಣೆ ಇಕ್ಕಟ್ಟಿಗೆ ಸಿಕ್ಕಿ ಒತ್ತಡ ಹುಟ್ಟುತ್ತೆ, ಅದೇ ಎರಡೂ ಮೈನ ದೂರ ಹಿಡಿಯೋದು. ಪಿಸ್ಟನ್ ಮೇಲೂ ಕೆಳಗೂ ತಿರುಗೋ ಜಾಗದಲ್ಲಿ ಎಣ್ಣೆ ಪದರ ತೀರಾ ತೆಳುವಾಗುತ್ತಲ್ಲ, ಆಗ ಗುಳೀಲಿ ಉಳಿದದ್ದೇ ಗತಿ.

ಈಗ ಪದಕ್ಕೆ ಬರ್ತೀನಿ. ಬೀಸುಕಲ್ಲು ನುಣ್ಣಗಾದ್ರೆ ಅಜ್ಜಿ ಅದಕ್ಕೆ ಕಕ್ಕು ಹಾಕಿಸೋರು, ಕಕ್ಕು ಹಾಕೋರು ಉಳಿ ಸುತ್ತಿಗೆ ಹಿಡಿದು ಜಗಲೀಲಿ ಕೂತು ಟಕ್ ಟಕ್ ಅಂತ ಹೊಡೀತಿದ್ರು, ಆಮೇಲೆ ಮೊದಲ ಒಬ್ಬೆ ಹಿಟ್ಟಲ್ಲಿ ಕಲ್ಲುಪುಡಿ ಇರುತ್ತೆ ಅಂತ ಚೆಲ್ಲೋದು. ಬೇಕಂತಲೇ ಮೈ ಒರಟು ಮಾಡೋದಕ್ಕೆ ನಮ್ಮಲ್ಲೇ ಪದ ಇದೆಯಲ್ಲಾ ಅಂತ ಖುಷಿಯಾದೆ. ಆದ್ರೆ ಬೀಸುಕಲ್ಲಿಗೂ ಕುಡುಗೋಲಿಗೂ ಕಕ್ಕು ಇರೋದು ಕಚ್ಚಲಿ ಅಂತ, ಇಲ್ಲಿ ಮಾಡ್ತಿರೋದು ಜಾರಲಿ ಅಂತ. ಸಾಲದ್ದಕ್ಕೆ ‘ಕಕ್ಕಿದ ಪಿಸ್ಟನ್’ ಅಂತ ಬರ್ದ್ರೆ ಓದೋರು ವಾಂತಿ ಅಂದ್ಕೋತಾರೆ!

ಗುಳಿ ನನಗೆ ಹಿಡಿಸ್ತು. ಗುಳಿಕೆನ್ನೆ ಅಂತೀವಿ, ಅಳಗುಳಿಮಣೇಲಿ ಕಾಯಿ ನಿಲ್ಲೋದೂ ಗುಳೀಲೇ, ಇಲ್ಲಿ ಎಣ್ಣೆ ನಿಲ್ಲುತ್ತೆ. ‘ಗುಳಿಯಿಡು’ ಅಂದ್ರೆ ಕ್ರಿಯಾಪದಾನೂ ಸಿಕ್ತು. ತೊಡಕು ಅಂದ್ರೆ ಹೋನಿಂಗ್ ಗೆರೆಗಳು ಇದ್ರಲ್ಲಿ ಬರಲ್ಲ, ಗೆರೆ ಗುಳಿ ಎರಡಕ್ಕೂ ಸೇರಿಸಿ ‘ಮೈ ಕಂಡರಣೆ’ (ಕಂಡರಣೆ ಅಂದ್ರೆ ಕೆತ್ತನೆ) ಅನ್ನೋಣ ಅಂದ್ರೆ ಬೇಲೂರಿಗೆ ಹೋದಂಗಾಗುತ್ತೆ.

ಲೂಬ್ರಿಕೆಂಟ್‌ಗೆ ಕೀಲೆಣ್ಣೆ ಹಾಕಿದೀನಿ, ಅದ್ರಲ್ಲಿ ತಕರಾರಿಲ್ಲ. ಗೆರೆ, ಗುಳಿ ಎರಡಕ್ಕೂ ಹೊಂದೋ ಒಂದು ಪದ ಯಾರಿಗಾದ್ರೂ ಹೊಳೆಯುತ್ತಾ? ನಿಮ್ಮ ಕಡೆ ಒರಳಿಗೋ ಬೀಸುಕಲ್ಲಿಗೋ ಹೀಗೆ ಹೊಡೆಸೋದಕ್ಕೆ ಏನಂತಾರೆ ಅನ್ನೋದನ್ನೂ ತಿಳಿಸಿ.