ಪದಚರ್ಚೆ: ‘ಅಪಸವ್ಯ’ ಅಂದರೆ ಎಡವಟ್ಟೇ?

ಪ್ರಶ್ನೆ (ವಿಜಯಪುರದಿಂದ): ಮಹಾಲಯ ಅಮಾವಾಸ್ಯೆಯ ತರ್ಪಣದ ಬಗೆಗಿನ ಬರಹವೊಂದರಲ್ಲಿ ‘ಹೊಳೆದಂಡೆಯ ನೂಕುನುಗ್ಗಲಿನಲ್ಲಿ ಅಪಸವ್ಯವಾಯಿತು’ ಎಂದಿದೆ. ತರ್ಪಣಕ್ಕೆ ಕೂತಾಗ ಭಟ್ಟರೇ ‘ಅಪಸವ್ಯ ಮಾಡ್ಕೋರಿ’ ಅಂತಾರಲ್ರಿ. ಇದನ್ನು ತಿದ್ದಬೇಕೋ, ಬಿಡಬೇಕೋ?

ಉತ್ತರ (ಬಾಗಲಕೋಟೆಯಿಂದ): ತಿದ್ದಿರಿ ಸರ. ಪಿತೃಕಾರ್ಯದಲ್ಲಿ ಅಪಸವ್ಯವೇ, ಅಂದರೆ ಜನಿವಾರವನ್ನು ಬಲಹೆಗಲಿಗೆ ಹಾಕಿಕೊಳ್ಳುವುದೇ ಕ್ರಮ, ಅದನ್ನು ಬಿಟ್ಟರೆ ತಪ್ಪು.

ಸಂಸ್ಕೃತದಲ್ಲಿ ‘ಸವ್ಯ’ ಎಂದರೆ ಮುಖ್ಯವಾಗಿ ಎಡ. ಎಡಗೈಯಿಂದಲೂ ಬಾಣ ಬಿಡುವ ಅರ್ಜುನ ಸವ್ಯಸಾಚಿ. ಜನಿವಾರ ಎಡಹೆಗಲ ಮೇಲಿದ್ದು ಬಲಗೈ ಕೆಳಗೆ ಇಳಿದರೆ ಸವ್ಯ. ಬಲಹೆಗಲ ಮೇಲಿದ್ದು ಎಡಗೈ ಕೆಳಗೆ ಇಳಿದರೆ ಅಪಸವ್ಯ, ಅದೇ ಪ್ರಾಚೀನಾವೀತಿ. ಕೊರಳಲ್ಲಿ ಮಾಲೆಯಂತೆ ಬಿಟ್ಟರೆ ನಿವೀತಿ. ಬದಲಿಸುವಾಗ ಜನಿವಾರವನ್ನು ಮೈಯಿಂದ ಪೂರ್ತಿ ತೆಗೆಯಬಾರದು. ಬಲಗೈ ಬಿಡಿಸಿ ಮಾಲೆ ಮಾಡಿಕೊಂಡು, ಆಮೇಲೆ ಎಡಗೈ ತೂರಿಸಬೇಕು. ಅವಸರ ಮಾಡಿದರೆ ಎಳೆ ತಿರುಚಿಕೊಂಡು ಕೊರಳಿಗೆ ಸಿಕ್ಕುತ್ತದೆ. ಹೊದ್ದ ಶಲ್ಯವೂ ಜೊತೆಗೇ ಹೆಗಲು ಬದಲಿಸಬೇಕು. ಬಹಳ ಜನ ಮರೆಯುವುದು ಇದನ್ನೇ.

ದೇವತರ್ಪಣಕ್ಕೆ ಸವ್ಯ, ಪೂರ್ವಕ್ಕೆ ಮುಖ, ಬೆರಳ ತುದಿಯಿಂದ ನೀರು, ಒಂದು ಸಲ. ಪಿತೃತರ್ಪಣಕ್ಕೆ ಅಪಸವ್ಯ, ದಕ್ಷಿಣಕ್ಕೆ ಮುಖ, ಕರಿ ಎಳ್ಳು ಕೂಡಿದ ನೀರು, ಸಾಮಾನ್ಯವಾಗಿ ಮೂರು ಸಲ. ಹೆಬ್ಬೆರಳು, ತೋರುಬೆರಳ ನಡುವಿನ ಜಾಗ ಪಿತೃತೀರ್ಥ. ಬಲಗೈಯ ಅಂಗೈಯನ್ನು ಬಲಕ್ಕೆ ವಾಲಿಸಿದರೆ ನೀರು ಅಲ್ಲಿಂದ ಇಳಿಯುತ್ತದೆ. ಋಷಿತರ್ಪಣದ ಕ್ರಮ ವೇದಶಾಖೆ, ಸಂಪ್ರದಾಯಕ್ಕೆ ತಕ್ಕಂತೆ ಬೇರೆ. ನಡುವೆ ಆಚಮನ ಬಂದರೆ ಮೊದಲು ಸವ್ಯಕ್ಕೆ ಮರಳಬೇಕು.

‘ಎಡವಟ್ಟು’ ಎಂಬ ಅರ್ಥ ಬಂದ ದಾರಿ ಊಹಿಸಬಹುದು: ಅಪಸವ್ಯಕ್ಕೆ ಅಪ್ರದಕ್ಷಿಣ, ಉಲ್ಟಾ ಎಂಬ ಅರ್ಥವೂ ಇದೆ. ಪತ್ರಿಕೆಯ ಕನ್ನಡದಲ್ಲಿ ಆ ಬಳಕೆ ಬೇರೂರಿದೆ, ತಪ್ಪೆನ್ನಲಾಗದು. ಬೆಳಗಾವಿ ಕಡೆಯ ಮರಾಠಿಯಲ್ಲಿ ‘ಸವ್ಯಾಪಸವ್ಯ’ ಎಂದರೆ ಸುತ್ತುಬಳಸಿನ ಖಟಪಟಿ. ಶ್ರಾದ್ಧದಲ್ಲಿ ಮತ್ತೆ ಮತ್ತೆ ಜನಿವಾರ ಬದಲಿಸಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ.

ಟೆಂಡರಿನ ಅಪಸವ್ಯ ಎಂದು ಬೇಕಾದರೆ ಬರೆಯಿರಿ. ತರ್ಪಣದ ಸುದ್ದಿಯಲ್ಲಿ ಬೇಡ. ಓದಿದವರು ‘ಎಲ್ಲರೂ ಜನಿವಾರ ಬಲಕ್ಕೆ ಹಾಕಿಕೊಂಡರು, ಸರಿಯಾಗೇ ಆಯ್ತಲ್ಲ’ ಅಂದಾರು. ಅಲ್ಲಿ ‘ಗೊಂದಲ’ ಎಂದರೆ ಸಾಕು.